ಕಟ್ಟೆಗೆ ಯಾವ ಬಣ್ಣ?

ನಮ್ಮ ಕಡೆ ಮನೆಗೆ ಬಂದವರು ಮೊದಲು ನೋಡುವುದು ಕಟ್ಟೆಯನ್ನು. ಅಥಣಿ ತಾಲ್ಲೂಕಿನ ಅನಂತಪುರದಲ್ಲಿ ಹೆಣ್ಣು ನೋಡಲು ಬಂದವರಾಗಲಿ, ಆಕಳು ಕೊಳ್ಳಲು ಬಂದವರಾಗಲಿ, ಮತ ಕೇಳಲು ಬಂದವರಾಗಲಿ, ಹೊಸ್ತಿಲು ದಾಟುವ ಮೊದಲು ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದು ಮಾತು ತೆಗೆಯುತ್ತಾರೆ. ಅರ್ಧ ವ್ಯವಹಾರ ಅಲ್ಲಿಯೇ ಮುಗಿದುಹೋಗುತ್ತದೆ. ಪೇಟೆಯ ಪತ್ರಿಕೆಗಳು ಈಗ ‘ಔಟ್‌ಡೋರ್ ಲಿವಿಂಗ್’ ಎಂದು ಬಣ್ಣದ ಕುರ್ಚಿ, ಬಣ್ಣದ ಕುಂಡಗಳ ಚಿತ್ರ ಹಾಕಿ, ಮನೆಯ ಹೊರಗೂ ಬದುಕಬಹುದು ಎಂಬುದನ್ನು ಹೊಸ ಸುದ್ದಿಯಂತೆ ಹೇಳುತ್ತವೆ. ನಾವು ಒಳಗೆ ಬದುಕಲು ಕಲಿತದ್ದೇ ಟಿವಿ ಬಂದ ಮೇಲೆ. ಅಲ್ಲಿಯವರೆಗೆ ಕಾಳು ಹಸನು ಮಾಡುವುದು, ಶಾವಿಗೆ ಹೊಸೆಯುವುದು, ಮಕ್ಕಳಿಗೆ ಅಲಿಫ್ ಬೇ ಮತ್ತು ಅ ಆ ಇ ಈ ಎರಡನ್ನೂ ಕಲಿಸುವುದು, ಬೇಸಿಗೆಯಲ್ಲಿ ಮಲಗುವುದು, ಎಲ್ಲವೂ ಕಟ್ಟೆಯ ಮೇಲೆಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಗೆ ಕಾಂಕ್ರೀಟ್ ರಸ್ತೆ ಬಂತು. ರಸ್ತೆ ಮೇಲೇರಿತು, ಕಟ್ಟೆ ಕೆಳಗಿಳಿಯಿತು. ಅಗಲ ಮಾಡುವ ಭರದಲ್ಲಿ ಕಟ್ಟೆಯ ಅರ್ಧ ಭಾಗವೂ ಹೋಯಿತು. ಉಳಿದದ್ದನ್ನು ಎತ್ತರಿಸಿ, ಸಿಮೆಂಟ್ ಬಳಿದು, ಬಣ್ಣ ಆಮೇಲೆ ನೋಡಿದರಾಯಿತು ಎಂದು ಬಿಟ್ಟೆವು. ಆ ‘ಆಮೇಲೆ’ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಮ್ಮ ಕಟ್ಟೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಯಾರೂ ಕೂರಬೇಡಿ ಎಂದಿರಲಿಲ್ಲ, ಜಾಗವೂ ಸಾಕಷ್ಟಿತ್ತು, ಬೇವಿನ ಗಿಡದ ನೆರಳೂ ಇತ್ತು. ಆದರೂ ಜನ ನಿಂತುಕೊಂಡೇ ಮಾತಾಡಿ ಹೋಗುತ್ತಿದ್ದರು. ಎಪ್ಪತ್ತು ದಾಟಿದ ನಮ್ಮ ಅಮ್ಮ ಮಾತ್ರ ಮೊಣಕಾಲು ಹಿಡಿದುಕೊಂಡು ಅಸರ್ ನಮಾಜು ಮುಗಿಸಿ ಹೊರಗೆ ಬಂದು, ಮಗ್ರಿಬ್‌ವರೆಗೆ ಒಬ್ಬರೇ ಕೂತಿರುತ್ತಿದ್ದರು. ಒಂದು ದಿನ ಒಳಗೆ ಬಂದವರೇ, “ಏ ಕ್ಯಾ ರೇ, ಕಬರ್ ಸರ್ಕಾ ದಿಸ್ತಾ” ಎಂದರು. ಗೋರಿಯ ಹಾಗೆ ಕಾಣುತ್ತದೆ ಎಂದು. ಕರಿ ಎರೆಮಣ್ಣಿನ ಸೀಮೆ, ಬೂದು ಸಿಮೆಂಟಿನ ರಸ್ತೆ, ಅದಕ್ಕೆ ಅಂಟಿಕೊಂಡು ಬೂದು ಸಿಮೆಂಟಿನ ಕಟ್ಟೆ, ಮೇಲೆ ಬೇಸಿಗೆಯ ಬಿಳಿಚಿದ ಆಕಾಶ. ಅಮ್ಮನ ಹೋಲಿಕೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಬಣ್ಣ ಹಚ್ಚುವುದೆಂದು ತೀರ್ಮಾನವಾಯಿತು. ಯಾವ ಬಣ್ಣ ಎಂಬಲ್ಲಿ ತಕರಾರು ಶುರುವಾಯಿತು.

ನಾವು ಚಿಕ್ಕವರಿದ್ದಾಗ ಈ ಪ್ರಶ್ನೆ ಇರಲಿಲ್ಲ. ಗೋಡೆಗೆ ಸುಣ್ಣ, ಸುಣ್ಣಕ್ಕೆ ನೀಲಿ, ಕಟ್ಟೆಗೆ ಮತ್ತು ಗೋಡೆಯ ಕೆಳಗಿನ ಪಟ್ಟಿಗೆ ಹುರಮಂಜಿ. ರಂಜಾನ್ ಹಬ್ಬಕ್ಕೆ ನಮ್ಮದು, ದೀಪಾವಳಿಗೆ ಎದುರು ಮನೆಯವರದು, ಬಣ್ಣ ಮಾತ್ರ ಎರಡೂ ಕಡೆ ಅದೇ. ಸುಣ್ಣದ ಹರಳನ್ನು ಪೀಪಾಯಿಯಲ್ಲಿ ಹಾಕಿ ನೀರು ಸುರಿದರೆ ಕೊತಕೊತನೆ ಕುದಿಯುತ್ತಿತ್ತು. ಅದರ ಹತ್ತಿರ ಹೋದರೆ ಕಣ್ಣು ಹೋಗುತ್ತದೆ ಎಂದು ಹೆದರಿಸಿ ನಮ್ಮನ್ನು ದೂರ ನಿಲ್ಲಿಸುತ್ತಿದ್ದರು. ಆ ಹೆದರಿಕೆ ಸುಳ್ಳಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ನೀಲಿಯ ಗಂಟನ್ನು ಅದರಲ್ಲಿ ಅದ್ದಿ ತಿರುವುವುದು ಹೆಂಗಸರ ಕೆಲಸ. ಒಂದು ಅದ್ದು ಅದ್ದಿದರೆ ಬಿಳಿಯು ಇನ್ನೂ ಬಿಳಿಯಾಗುತ್ತದೆ, ಹತ್ತು ಅದ್ದಿದರೆ ಆಕಾಶವಾಗುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ ಎಂದು ನಾವು ಓದಿ ತಿಳಿದದ್ದು ಬಹಳ ತಡವಾಗಿ. ಅಂದರೆ ಪ್ರತಿ ಹಬ್ಬಕ್ಕೆ ನಮ್ಮ ಗೋಡೆಯ ಮೇಲೆ ಕೂದಲೆಳೆಯಷ್ಟು ದಪ್ಪದ ಕಲ್ಲು ಬೆಳೆಯುತ್ತಿತ್ತು.

ಹುರಮಂಜಿಯ ಕತೆ ಇನ್ನೂ ದೊಡ್ಡದು. ಈ ಶಬ್ದ ಉರ್ದುವಿನ ಹುರ್ಮುಜಿ, ಹಿರ್ಮಿಜಿಯ ಬಂಧು. ಮೂಲ ಪರ್ಶಿಯನ್ ಕೊಲ್ಲಿಯ ಹೊರ್ಮುಜ್. ಆ ದ್ವೀಪದ ಮಣ್ಣೇ ಕೆಂಪು. ಒಂದು ಕಾಲದಲ್ಲಿ ಹೊರ್ಮುಜಿನಿಂದ ಕುದುರೆ, ಮುತ್ತು ನಮ್ಮ ಪಡುವಣ ಕರಾವಳಿಯ ಬಂದರುಗಳಿಗೆ ಬಂದು, ಘಟ್ಟ ಹತ್ತಿ ಬಹಮನಿಗಳಿಗೂ ವಿಜಯನಗರದವರಿಗೂ ಮಾರಾಟವಾಗುತ್ತಿದ್ದವು. ಅಲ್ಲಿಯ ಮಣ್ಣಿನ ಹೆಸರು ಇಲ್ಲಿಯ ಕೆಮ್ಮಣ್ಣಿಗೆಲ್ಲ ಅಂಟಿಕೊಂಡಿತು. ಕುದುರೆಗಳು ಹೋದವು, ಸುಲ್ತಾನರು ಹೋದರು, ರಾಯರೂ ಹೋದರು. ಶಬ್ದ ಮಾತ್ರ ನಮ್ಮ ಅಜ್ಜಿಯ ಬಾಯಲ್ಲಿ ಉಳಿದಿತ್ತು. ಬಟ್ಟಲಲ್ಲಿ ಹುರಮಂಜಿ ಕಲಸಿ, ಹಳೆ ಸೀರೆಯ ತುಂಡಿನಿಂದ ಕಟ್ಟೆ ಸಾರಿಸುತ್ತಿದ್ದ ಅವರಿಗೆ ಅದು ಸಮುದ್ರ ದಾಟಿ ಬಂದ ಹೆಸರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಸಾರಿಸುವುದನ್ನು ನಿಲ್ಲಿಸುತ್ತಿರಲಿಲ್ಲ.

ಈಗ ಅಂಗಡಿಯಲ್ಲಿ ಬಣ್ಣದ ಪುಸ್ತಕ ಕೈಗೆ ಕೊಡುತ್ತಾರೆ. ಪುಟ ತಿರುವಿದಂತೆ ನೂರಾರು ಬಣ್ಣ, ಎಲ್ಲಕ್ಕೂ ಇಂಗ್ಲಿಷ್ ಹೆಸರು, ಪಕ್ಕದಲ್ಲಿ ಒಂದು ನಂಬರು. ನಂಬರು ಹೇಳಿದರೆ ಯಂತ್ರ ಕಲಸಿ ಕೊಡುತ್ತದೆ. ನಮ್ಮ ಪೇಂಟರ್ ಆ ಪುಸ್ತಕದ ಕೊನೆಯ ಪುಟದಲ್ಲಿ ಬೆರಳಿಟ್ಟು, “ಸರ್, ಲೈಟ್ ಕಲರ್ ಹಚ್ಚೂಣ್ರಿ. ಕ್ರೀಮ್ ಆದರ ಯಾರೂ ಏನೂ ಅನ್ನಂಗಿಲ್ಲ” ಎಂದ. ಯಾರು ಏನು ಅನ್ನಬೇಕಿತ್ತು ಎಂದು ಕೇಳಿದೆವು. ಅವನು ನಕ್ಕು ಸುಮ್ಮನಾದ. ಉತ್ತರವನ್ನು ಮನೆಯಲ್ಲಿ ತಮ್ಮ ಕೊಟ್ಟ. “ಭಾಯಿ, ಹರಾ ನಕ್ಕೋ” ಎಂಬುದು ಅವನ ಮೊದಲ ಮಾತು. ಹಸಿರು ಹಚ್ಚಿದರೆ ಸಾಬರ ಮನೆ ಎಂದು ಬೋರ್ಡು ಹಾಕಿದ ಹಾಗೆ. ಹಾಗಾದರೆ ಕೇಸರಿ? ಹೆದರಿ ಹಚ್ಚಿದರು ಎಂದು ಒಬ್ಬರು, ಅಣಕಿಸಲು ಹಚ್ಚಿದರು ಎಂದು ಇನ್ನೊಬ್ಬರು. ನೀಲಿ? ಅದು ಅಂಬೇಡ್ಕರ್ ಸಂಘದವರದು. ಬರೇ ಕೆಂಪು? ಅದೂ ಒಂದು ಪಕ್ಷದ್ದು. ಹಳದಿ ಕೆಂಪು ಜೊತೆಯಾಗಿ? 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟ. ಬೆಂಗಳೂರಿನಲ್ಲಿ ಅದನ್ನು ಯಾರೂ ತಿರುಗಿ ನೋಡಲಿಕ್ಕಿಲ್ಲ, ಆದರೆ ಮಹಾರಾಷ್ಟ್ರದ ಸೀಮೆಗೆ ಅಂಟಿಕೊಂಡಿರುವ, ಬಸ್ಸಿನ ಬೋರ್ಡಿಗೂ ಜಗಳವಾಗುವ ನಮ್ಮಂಥ ಕಡೆ ಗೋಡೆಯ ಮೇಲೆ ಆ ಎರಡು ಬಣ್ಣ ಅಕ್ಕಪಕ್ಕ ಬಂದರೆ ಅದಕ್ಕೊಂದು ಅರ್ಥ ಹುಟ್ಟಿಕೊಳ್ಳುತ್ತದೆ. ತಮ್ಮ ಹೀಗೆ ಒಂದೊಂದೇ ಬಣ್ಣ ಅಳಿಸುತ್ತ ಹೋದ. ಕೊನೆಗೆ ಉಳಿದದ್ದು ಕ್ರೀಮ್. ಅದಕ್ಕೆ ಪಕ್ಷವಿಲ್ಲ, ಜಾತಿಯಿಲ್ಲ, ಭಾಷೆಯಿಲ್ಲ.

ತಮ್ಮನನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ಅವನಿಗೆ ಪೇಟೆಯಲ್ಲಿ ಅಂಗಡಿಯಿದೆ, ದಿನವೂ ನಾಲ್ಕು ಜನರ ಮುಖ ನೋಡಿ ವ್ಯಾಪಾರ ಮಾಡಬೇಕು. ಅವನ ಲೆಕ್ಕ ಅನುಭವದ ಲೆಕ್ಕವೇ. ಆದರೆ ಕಟ್ಟೆಯ ಬಣ್ಣವನ್ನು ಹೆದರಿಕೆ ಆರಿಸುವುದು ನಮಗೆ ಸರಿ ಕಾಣಲಿಲ್ಲ. ಕ್ರೀಮ್ ಬಣ್ಣದ ಮೇಲೆ ನಮಗೆ ದ್ವೇಷವಿಲ್ಲ. ದೂಳಿನ ಊರಿನಲ್ಲಿ ಅದು ಮೂರು ತಿಂಗಳಿಗೆ ಚಹಾದ ಬಣ್ಣಕ್ಕೆ ತಿರುಗುತ್ತದೆ ಎಂಬುದು ಬೇರೆ ಮಾತು.

ಅಷ್ಟರಲ್ಲಿ ಅಮ್ಮ ಮತ್ತು ಎದುರು ಮನೆಯ ಅಜ್ಜಿಯ ಪಂಚಾಯ್ತಿ ಕೂಡಿತ್ತು. ಇಬ್ಬರೂ ಹೆಚ್ಚು ಕಡಿಮೆ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಅಮ್ಮ ಬಾಗಿಲಿಗೆ ಜಾಫ್ರಾನಿ ಬೇಕು ಎಂದರು. ಜಾಫ್ರಾನ್ ಎಂದರೆ ಕೇಸರಿಯೇ. ತಮ್ಮ ಅದನ್ನೇ ಎತ್ತಿ ಹಿಡಿದು, ಅಂದರೆ ಕೇಸರಿಯಲ್ಲವೇ ಎಂದ. ಅಜ್ಜಿ ಅವನ ಮುಖ ನೋಡಿ, “ಕೇಸರಿ ಅಂತ ಯಾಕಂತೀಯೋ ತಮ್ಮಾ, ಕುಸುಬಿ ಹೂವಿನ ಬಣ್ಣ ಅನ್ನು. ಹೊಲದಾಗ ಬೆಳದದ್ದು ಬಾಗಲಕ್ಕ ಬಂದರ ಯಾರಿಗೇನ?” ಎಂದರು. ಒಂದೇ ಬಣ್ಣ ಮೂರು ಬಾಯಲ್ಲಿ ಮೂರು ಹೆಸರು ಪಡೆಯಿತು. ಹೆಸರು ಬದಲಾದ ಕೂಡಲೇ ತಕರಾರೂ ಅರ್ಧ ಇಳಿದದ್ದನ್ನು ನಾವು ಅಲ್ಲಿಯೇ ನಿಂತು ಕಂಡೆವು.

ಆ ರಾತ್ರಿ ನಮಗೆ ಗೊತ್ತಿರುವ ಬಣ್ಣಗಳ ಹೆಸರನ್ನು ಎರಡೂ ಭಾಷೆಗಳಲ್ಲಿ ಬರೆದುಕೊಂಡು ಕೂತೆವು. ಕತೆ ಬರೆಯುವವರಿಗೆ ಇಂಥ ಹವ್ಯಾಸ ಕ್ಷಮ್ಯ. ಉರ್ದು ಶಾಲೆಯಲ್ಲಿ ಕಲಿತದ್ದು: ಪ್ಯಾಜಿ, ಉಳ್ಳಾಗಡ್ಡಿಯ ಸಿಪ್ಪೆಯದು, ಧಾನಿ, ಭತ್ತದ ಎಳೆ ಸಸಿಯದು, ಅಂಗೂರಿ, ದ್ರಾಕ್ಷಿಯದು, ಜಾಮುನಿ, ನೇರಳೆಯದು, ಫಿರೋಜಿ, ನಾರಂಗಿ, ಬಾದಾಮಿ. ಕನ್ನಡ ಶಾಲೆಯಲ್ಲಿ ಮತ್ತು ಅದಕ್ಕಿಂತ ಹೆಚ್ಚಾಗಿ ಓಣಿಯಲ್ಲಿ ಕಲಿತದ್ದು: ಗಿಳಿ ಹಸಿರು, ನವಿಲು ಬಣ್ಣ, ದಾಳಿಂಬೆ, ಬದನೆಕಾಯಿ, ಅರಿಷಿಣ, ಇಟ್ಟಂಗಿ. ಎರಡೂ ಪಟ್ಟಿಯಲ್ಲಿ ಒಂದಾದರೂ ಪಕ್ಷದ ಹೆಸರಿಲ್ಲ. ಎಲ್ಲವೂ ಹೊಲ, ಅಡುಗೆಮನೆ, ಹಕ್ಕಿ ಇಲ್ಲವೆ ಕಲ್ಲು. ಪೊಲೀಸರ ಖಾಕಿ ಕೂಡ ‘ಖಾಕ್’ ಎಂಬ ಫಾರ್ಸಿ ಶಬ್ದದಿಂದ ಬಂದದ್ದು, ಅಂದರೆ ದೂಳು. ಲಾಜವರ್ದ್ ಎಂಬ ನೀಲಿ ಕಲ್ಲು ಅಫ್ಘಾನಿಸ್ತಾನದ ಬದಖ್‌ಶಾನದ ಗಣಿಗಳದು. ಅದರ ಹೆಸರೇ ಸವೆಯುತ್ತ ಸವೆಯುತ್ತ ಇಂಗ್ಲಿಷಿನ ‘ಅಜೂರ್’ ಆಯಿತು. ಆ ಕಲ್ಲನ್ನು ಅರೆದು ಮಾಡಿದ ನೀಲಿ ಯುರೋಪಿನ ಚಿತ್ರಕಾರರಿಗೆ ಬಂಗಾರದಷ್ಟು ದುಬಾರಿಯಾಗಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬವನು ಅದನ್ನು ಕೃತಕವಾಗಿ ತಯಾರಿಸುವ ದಾರಿ ಕಂಡುಹಿಡಿದ ಮೇಲೆ ಬೆಲೆ ಇಳಿಯಿತು. ಎಷ್ಟು ಇಳಿಯಿತೆಂದರೆ, ಅದು ನಮ್ಮ ಅಂಗಿಯ ಕಾಲರಿಗೂ ಗೋಡೆಯ ಸುಣ್ಣಕ್ಕೂ ಬಂತು. ಕಿರಾಣಿ ಅಂಗಡಿಯ ನೀಲಿ ಪುಡಿ ಎಂದರೆ ಅದೇ.

ಯಾವ ಬಣ್ಣ ಎಂಬುದು ಇತ್ಯರ್ಥವಾದರೂ ಯಾವುದರ ಪಕ್ಕ ಯಾವುದು ಎಂಬುದು ಉಳಿಯುತ್ತದೆ. ದಿಟ್ಟ ಬಣ್ಣಗಳ ವಿಷಯದಲ್ಲಿ ಜನ ಎಡವುವುದು ಇಲ್ಲಿಯೇ. ಇದಕ್ಕೆ ಗುರುವನ್ನು ಹುಡುಕಿ ದೂರ ಹೋಗಬೇಕಿಲ್ಲ, ಅಮ್ಮನ ಟ್ರಂಕು ತೆಗೆದರೆ ಸಾಕು. ಇಳಕಲ್ ಸೀರೆಯಲ್ಲಿ ಒಡಲು ಒಂದು ಬಣ್ಣ, ಅಂಚು ಇನ್ನೊಂದು, ಸೆರಗು ಕೆಂಪು. ನವಿಲು ಹಸಿರಿನ ಒಡಲಿಗೆ ಕೆಂಪು ಸೆರಗು ಎಂದರೆ ಕಾಗದದ ಮೇಲೆ ಜಗಳವಾಗಬೇಕು. ಆದರೆ ಸೆರಗಿನ ಕೆಂಪಿನೊಳಗೆ ಬಿಳಿಯ ತೆನೆಗಳನ್ನು ನೇಯ್ದು ನೇಕಾರ ಇಬ್ಬರ ನಡುವೆ ಉಸಿರಾಡಲು ಜಾಗ ಬಿಟ್ಟಿರುತ್ತಾನೆ. ಇದೇ ವಿಷಯವನ್ನು ಪ್ಯಾರಿಸಿನ ಗೋಬಲಾಂ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ಶಾಸ್ತ್ರಜ್ಞ 1839ರಲ್ಲಿ ಪುಸ್ತಕವಾಗಿ ಬರೆದ. ನಿಮ್ಮ ಕಪ್ಪು ದಾರ ಸಪ್ಪೆಯಾಗಿದೆ ಎಂದು ನೇಕಾರರು ದೂರು ತಂದಿದ್ದರಂತೆ. ಅವನು ಪರೀಕ್ಷಿಸಿ ನೋಡಿದರೆ ದಾರದಲ್ಲಿ ದೋಷವಿಲ್ಲ. ಅದನ್ನು ನೀಲಿ, ನೇರಳೆಗಳ ಪಕ್ಕದಲ್ಲಿ ನೇಯ್ದದ್ದರಿಂದ ಕಣ್ಣಿಗೆ ಸಪ್ಪೆ ಕಾಣುತ್ತಿತ್ತು. ಬಣ್ಣ ಒಂಟಿಯಾಗಿ ಇರುವುದಿಲ್ಲ, ಪಕ್ಕದ್ದು ಅದನ್ನು ಎತ್ತುತ್ತದೆ ಇಲ್ಲವೆ ಇಳಿಸುತ್ತದೆ. ಕೆಂಪಿನ ಪಕ್ಕ ಹಸಿರು, ನೀಲಿಯ ಪಕ್ಕ ಕಿತ್ತಳೆ ಬಂದರೆ ಎರಡೂ ಹೆಚ್ಚು ಬೆಳಗುತ್ತವೆ.

ಮನೆಯ ಹೊರಗೆ, ಬಿಸಿಲಿನಲ್ಲಿ ಇಂಥ ಧೈರ್ಯ ಮಾಡಿದವರನ್ನು ನೋಡಬೇಕಾದರೆ ಬೀದರಿಗೆ ಹೋಗಬೇಕು. ಬಹಮನಿಗಳ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಪಾಲು 17ನೆಯ ಶತಮಾನದ ಕೊನೆಯ ಹೊತ್ತಿಗೆ ಸ್ಫೋಟದಲ್ಲಿ ಹೋಯಿತು. ಉಳಿದಿರುವ ಒಂದು ಮಿನಾರಿನ ಮೈಮೇಲೆ ಹೆಂಚಿನ ಬಿಲ್ಲೆಗಳು ಅಂಕುಡೊಂಕು ಗೆರೆಯಲ್ಲಿ ಇಂದಿಗೂ ಇವೆ. ನೀಲಿ, ಹಸಿರು, ಹಳದಿ, ಬಿಳಿ. ಐದೂವರೆ ಶತಮಾನದ ಬಿಸಿಲು, ಮಳೆ ತಿಂದೂ ಕಣ್ಣಿಗೆ ಹೊಡೆಯುತ್ತವೆ. ನಾವು ಅದರ ಮುಂದೆ ನಿಂತಾಗ ಅನಿಸಿದ್ದು, ಅಲ್ಲಿಯ ಕೆಂಪು ನೆಲದ ನಡುವೆ ಈ ನೀಲಿಯನ್ನು ತಂದವರಿಗೆ ಶೆವ್ರಲ್‌ನ ಪುಸ್ತಕ ಬೇಕಾಗಿರಲಿಲ್ಲ. ಮೊರೊಕ್ಕೋದ ಮರ್ರಾಕೇಶಿನಲ್ಲಿ ಜಾಕ್ ಮಜೊರೆಲ್ ಎಂಬ ಫ್ರೆಂಚ್ ಚಿತ್ರಕಾರ 1930ರ ದಶಕದಲ್ಲಿ ತನ್ನ ತೋಟದ ಕಟ್ಟಡಕ್ಕೆ ಕಡು ನೀಲಿ ಬಳಿಸಿದ. ಅಲ್ಲೀಗ ಆ ನೀಲಿಯ ಮುಂದೆ ಹಳದಿ, ಕಿತ್ತಳೆ ಕುಂಡಗಳಲ್ಲಿ ಪಾಪಾಸುಕಳ್ಳಿ. ಪಾಪಾಸುಕಳ್ಳಿಯನ್ನು ನಾವು ಹೊಲದ ಬೇಲಿಗೆ ಹಚ್ಚುತ್ತೇವೆ. ಅಲ್ಲಿ ಟಿಕೇಟು ಕೊಟ್ಟು ನೋಡುತ್ತಾರೆ.

ಕೊನೆಗೆ ಅಮ್ಮ ಒಂದು ಸೂತ್ರ ಹೇಳಿದರು: “ಏಕ್ ಬಡಾ, ಏಕ್ ಛೋಟಾ, ಏಕ್ ಚುಪ್.” ಒಂದು ಬಣ್ಣ ದೊಡ್ಡದು, ಒಂದು ಸಣ್ಣದು, ಒಂದು ಸುಮ್ಮನಿರುವುದು. ಅದರಂತೆ ಬಾಗಿಲ ಆಚೀಚೆಯ ಹಳೆ ಕಲ್ಲುಮಣ್ಣಿನ ಗೋಡೆಗೆ ಸುಣ್ಣ ಮತ್ತು ನೀಲಿ, ಅದು ದೊಡ್ಡದು. ಬಾಗಿಲ ಚೌಕಟ್ಟಿಗೆ ಅಜ್ಜಿಯ ಕುಸುಬಿ ಇಲ್ಲವೆ ಅಮ್ಮನ ಜಾಫ್ರಾನಿ, ಅದು ಸಣ್ಣದು. ಕಟ್ಟೆಯ ಮುಖಕ್ಕೂ ಗೋಡೆಯ ಕೆಳಗಿನ ಪಟ್ಟಿಗೂ ಹುರಮಂಜಿ, ಕಿಟಕಿಯ ಕದಗಳಿಗೆ ಗಿಳಿ ಹಸಿರು. ಕೂರುವ ಜಾಗಕ್ಕೆ ಬಣ್ಣವೇ ಇಲ್ಲ, ಶಹಾಬಾದಿನ ಫರಸಿ ಕಲ್ಲು. ಸುಮ್ಮನಿರುವ ಕೆಲಸ ಅದರದು. ಹಸಿರು ಬೇಡ ಎಂದಿದ್ದ ತಮ್ಮ ಕಿಟಕಿಯನ್ನು ನೋಡಿ, ಇಷ್ಟೇ ಇಷ್ಟಾದರೆ ನಡೆದೀತು ಎಂದ. ಕೆಂಪು ಪಟ್ಟಿಯ ಮೇಲೆ ಆ ಇಷ್ಟೇ ಇಷ್ಟು ಹಸಿರು ಎಷ್ಟು ದೂರದಿಂದ ಕಾಣುತ್ತದೆ ಎಂಬುದು ಅವನಿಗೆ ಮರುದಿನ ತಿಳಿಯಿತು, ಆದರೆ ಆಗ ಏನೂ ಅನ್ನಲಿಲ್ಲ.

ಮಾಡಿಸುವವರಿಗೆ ಉಪಯೋಗವಾದೀತೆಂದು ಕೆಲಸದ ಮಾತು ನಾಲ್ಕು. ಸುಣ್ಣದ ಬಣ್ಣ ಒದ್ದೆಯಿದ್ದಾಗ ಕಡು, ಒಣಗಿದಾಗ ತಿಳಿ. ಗೋಡೆಯ ಮೇಲೆ ಅಂಗೈಯಗಲ ಬಳಿದು ಒಂದು ದಿನ ಬಿಟ್ಟು ನೋಡಿಯೇ ಆರಿಸಬೇಕು. ಬಣ್ಣ ಕಡು ಆಗಲಿ ಎಂದು ನೀಲಿಯನ್ನು ಸುರಿಯುತ್ತ ಹೋದರೆ ಸುಣ್ಣ ಗೋಡೆ ಹಿಡಿಯುವುದಿಲ್ಲ, ಕೈಗೆ ಬರುತ್ತದೆ. ಸುಣ್ಣದ ಗೋಡೆಗೆ ಒರಗಿದರೆ ಅಂಗಿಯ ಬೆನ್ನಿಗೆ ಹತ್ತುತ್ತದೆ ಎಂಬ ಪೇಂಟರನ ದೂರು ನಿಜ. ಹಿಂದಿನವರು ಬೆನ್ನು ತಾಗುವ ಎತ್ತರದವರೆಗೆ ಕೆಂಪು ಪಟ್ಟಿ ಹಾಕುತ್ತಿದ್ದದ್ದು ಚಂದಕ್ಕಷ್ಟೇ ಅಲ್ಲ, ಎಣ್ಣೆ ತಲೆ, ಕೆಸರು ಕಾಲು, ಮಳೆಯ ಸಿಡಿತ ಎಲ್ಲವನ್ನೂ ಅದು ನುಂಗಿಕೊಳ್ಳುತ್ತದೆ. ಅಲ್ಲಿಗೆ ಸಿಮೆಂಟಿನಲ್ಲಿ ಕಲಸಿದ ಕೆಂಪು ಆಕ್ಸೈಡ್ ಒಳ್ಳೆಯದು. ಅದೂ ಕಬ್ಬಿಣದ ತುಕ್ಕಿನ ಜಾತಿಯೇ, ಬಿಸಿಲಿಗೆ ಬಿಳಿಚುವುದಿಲ್ಲ. ಆದರೆ ಕೂರುವ ಮೇಲ್ಮೈಗೆ ಕಡು ಬಣ್ಣ ಹಾಕಿದರೆ ಏಪ್ರಿಲ್ ಮಧ್ಯಾಹ್ನ ರೊಟ್ಟಿ ಬೇಯಿಸಬಹುದು. ಹೊಸ ಸಿಮೆಂಟ್ ಗಾರೆ ಕೆಲವು ವಾರ ಚೆನ್ನಾಗಿ ಒಣಗುವವರೆಗೆ ಎಣ್ಣೆ ಬಣ್ಣ ತಾಗಿಸಬಾರದು, ಗಾರೆಯ ಕ್ಷಾರಕ್ಕೆ ಅದು ಸಾಬೂನಿನ ಹಾಗಾಗಿ ಸಿಪ್ಪೆ ಏಳುತ್ತದೆ. ಇನ್ನೊಂದು ಮಾತು ಮಕ್ಕಳಿರುವ ಮನೆಯವರಿಗೆ. ಹೊಳೆಯುವ ಹಳದಿ, ಕಿತ್ತಳೆ ಎಣ್ಣೆ ಬಣ್ಣಗಳಲ್ಲಿ ಹಿಂದೆ ಸೀಸ ಬಹಳ ಇರುತ್ತಿತ್ತು. 2017ರ ನವೆಂಬರಿನಿಂದ ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ನಮ್ಮ ದೇಶದಲ್ಲಿ ಕಾಯ್ದೆಯಿದೆ. ಡಬ್ಬಿಯ ಮೇಲೆ ಅದನ್ನು ಬರೆದಿದೆಯೇ ಎಂದು ಓದಿ ತರಬೇಕು. ಹಳೆ ಬಾಗಿಲು ಉಜ್ಜುವಾಗ ಒಣಗಿದ ಬಣ್ಣದ ಪುಡಿ ಹಾರಲು ಬಿಡದೆ ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ದೂರ ಕಳಿಸಬೇಕು.

ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಜೋಳದ ಚೀಲ ಹೊತ್ತುಕೊಂಡು ಹೋಗುತ್ತಿದ್ದವನೊಬ್ಬ ಫರಸಿಯ ಮೇಲೆ ಚೀಲ ಇಳಿಸಿ ಬೆವರು ಒರೆಸಿಕೊಂಡ. ಆಮೇಲೆ ಎದುರು ಮನೆಯ ಅಜ್ಜಿ ತಮ್ಮ ಎಲೆ ಅಡಿಕೆಯ ಚೀಲದೊಂದಿಗೆ ಬಂದು, “ಬುಬು, ಸರಿ ಅತ್ತಾಗ” ಎಂದು ಅಮ್ಮನನ್ನು ಸರಿಸಿ ಕೂತರು. ಮೂರನೆಯ ವಾರಕ್ಕೆ ಶಾಲೆ ಬಿಟ್ಟ ಹುಡುಗರು ಬಸ್ಸು ಬರುವವರೆಗೆ ಅಲ್ಲಿಯೇ ಕೂರತೊಡಗಿದರು. ಹಸಿರು ಕಿಟಕಿಯ ಬಗ್ಗೆ ಒಬ್ಬರು ಕೇಳಿದರು, ಇಲ್ಲವೆನ್ನುವುದಿಲ್ಲ. ಬಾಗಿಲಿನ ಬಗ್ಗೆ ಇಬ್ಬರು ಕೇಳಿದರು. ಮೂವರಿಗೂ ಅಜ್ಜಿಯೇ ಉತ್ತರ ಕೊಟ್ಟರು, ನಾವು ಬಾಯಿ ತೆರೆಯುವ ಸಂದರ್ಭ ಬರಲಿಲ್ಲ. ಕ್ರೀಮ್ ಹಚ್ಚಿರಿ ಎಂದಿದ್ದ ಪೇಂಟರ್ ಈಗ ಬೇರೆ ಗಿರಾಕಿಗಳನ್ನು ಕರೆತಂದು ದೂರದಿಂದ ನಮ್ಮ ಗೋಡೆ ತೋರಿಸಿ, ತನ್ನದೇ ಐಡಿಯಾ ಎಂದು ಹೇಳುತ್ತಾನಂತೆ. ಹೇಳಲಿ.

ಈಗ ಹಿತ್ತಲಿನ ಸರದಿ. ಬಟ್ಟೆ ಒಗೆಯುವ ಕಲ್ಲಿನ ಹಿಂದಿನ ಗೋಡೆಗೆ ಮಗಳು ಗುಲಾಬಿ ಎನ್ನುತ್ತಾಳೆ, ಅಮ್ಮ ಪ್ಯಾಜಿ ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ಬಣ್ಣವೋ ಬೇರೆ ಬೇರೆಯೋ ಎಂದು ತಿಳಿಯಲು ಗೋಡೆಯ ಮೇಲೆ ಅಂಗೈಯಗಲದ ನಾಲ್ಕು ತೇಪೆ ಬಳಿದಿದ್ದೇವೆ. ನಿನ್ನೆ ಮೋಡ ಕವಿದಿತ್ತು, ಇನ್ನೂ ಒಣಗಿಲ್ಲ.